ನಿಮ್ಮಲ್ಲಿ ಕರೆಂಟ್ ಇದೆಯಾ?

ಮಳೆಗಾಲದಲ್ಲಿ ಮಡಿಕೇರಿಯ ಜನ ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವುದು ಹೆಚ್ಚೇನಿಲ್ಲ. ಕರೆಂಟ್ ಇದೆಯಾ? ನೀರು ಬಂತಾ? ಸಂಪಾಜೆ ರೋಡ್ ಇದೆಯಾ? ಕೊನೆಯ ಪ್ರಶ್ನೆ ಕೇಳಿ ನನ್ನ ಬೆಂಗಳೂರಿನ ಗೆಳತಿ ನಕ್ಕಿದ್ದಳು. ರೋಡ್ ಎಲ್ಲಿಗೆ ಹೋಗುತ್ತೆ ಅಂತ. 2018ರ ಆಗಸ್ಟ್ ನೋಡಿದವರು ನಗುವುದಿಲ್ಲ. ಜೋಡುಪಾಲದ ಹತ್ತಿರ ಗುಡ್ಡವೇ ಇಳಿದು ಬಂದು, ಸಂಪಾಜೆ ಮೇಲೆ ಹೋಗುವ ಈ ಮಂಗಳೂರು ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಅವತ್ತಿನಿಂದ ನಮ್ಮಲ್ಲಿ ರೋಡ್ ಅನ್ನೋದು ಇರಬಹುದು, ಇಲ್ಲದೆಯೂ ಇರಬಹುದು.

ಈ ಮೂರು ಪ್ರಶ್ನೆಗೆ ಒಂದು ಆ್ಯಪ್ ಮಾಡೋಣ ಅಂತ ಹೊರಟವಳು ನಾನು. ಒಂಬತ್ತು ವರ್ಷ ಬೆಂಗಳೂರಿನಲ್ಲಿ ಆ್ಯಪ್ ಡಿಸೈನ್ ಮಾಡಿದ್ದೆ. ಸಾಲ ಕೊಡುವ ಆ್ಯಪ್, ತರಕಾರಿ ತರುವ ಆ್ಯಪ್, ಒಮ್ಮೆ ನಾಯಿಗೆ ಸ್ನಾನ ಮಾಡಿಸುವವರನ್ನು ಹುಡುಕಿಕೊಡುವ ಆ್ಯಪ್ ಕೂಡ. ಎರಡು ವರ್ಷದ ಹಿಂದೆ ಊರಿಗೆ ವಾಪಸ್ ಬಂದೆ. ಕೋಡ್ ಬರೆಯುವುದು ಚಿಕ್ಕಮ್ಮನ ಮಗ. ಅವನಿರುವುದು ಕುಶಾಲನಗರದಲ್ಲಿ. ಇದು ಯಾಕೆ ಮುಖ್ಯ ಅಂತ ಆಮೇಲೆ ಗೊತ್ತಾಗುತ್ತದೆ.

ಮೊದಲ ಟೆಸ್ಟ್ ಮಾಡಿದ್ದು ಮಾರ್ಚ್‌ನಲ್ಲಿ. ಹೂಮಳೆ ಬಂದು ಹೋಗಿತ್ತು, ತೋಟದ ಕಡೆಯಿಂದ ಕಾಫಿ ಹೂವಿನ ವಾಸನೆ ಬರುತ್ತಿತ್ತು. ಫಿಗ್ಮಾ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಬಿಡಿಸಿದ ಸ್ಕ್ರೀನ್‌ಗಳನ್ನು ಫೋನಿಗೆ ಹಾಕಿಕೊಂಡು ಕಾಲೇಜು ರಸ್ತೆಯ ಒಂದು ಹೋಟೆಲ್‌ನಲ್ಲಿ, ಎರಡು ನೆಂಟರ ಮನೆಯಲ್ಲಿ ಕೂತು ಐದು ಜನರಿಗೆ ತೋರಿಸಿದೆ. ಐದೇ ಯಾಕೆ ಅಂದರೆ, ನಮ್ಮ ಕಸುಬಿನಲ್ಲಿ ಜೇಕಬ್ ನೀಲ್ಸನ್ ಅನ್ನುವವರು 2000ದಲ್ಲಿ ಬರೆದ ಒಂದು ಮಾತಿದೆ. ಐದು ಜನರ ಹತ್ತಿರ ಟೆಸ್ಟ್ ಮಾಡಿದರೆ ಶೇಕಡ 85ರಷ್ಟು ತೊಂದರೆ ಸಿಕ್ಕಿಬಿಡುತ್ತದೆ ಅಂತ. ನನಗೆ ಒಂದೂ ಸಿಗಲಿಲ್ಲ. ಎಲ್ಲರೂ "ಚೆನ್ನಾಗಿದೆ" ಅಂದರು. ಒಬ್ಬರು ಇನ್ನೊಂದು ಕಾಫಿಯನ್ನೂ ಕೊಡಿಸಿದರು.

ನಾನು ಖುಷಿಯಾಗಿ ಮನೆಗೆ ಬಂದೆ. ಬರಬಾರದಿತ್ತು. ಊಟಕ್ಕೆ ಕರೆದವರ ಅಡುಗೆಗೆ ನಾವು ಹೆಸರಿಡುತ್ತೇವಾ? ಆ್ಯಪ್‌ಗೂ ಅಷ್ಟೇ. ಎದುರಿಗೆ ಕೂತ ಹುಡುಗಿ ತಾನೇ ಮಾಡಿದ್ದು ಅಂತ ಗೊತ್ತಾದ ಮೇಲೆ ಇಲ್ಲಿ ಯಾರೂ ಕೆಟ್ಟದು ಹೇಳುವುದಿಲ್ಲ. ಹಾಗಾಗಿ ಆಮೇಲೆ "ಹೇಗಿದೆ" ಅಂತ ಕೇಳುವುದನ್ನೇ ಬಿಟ್ಟೆ. ಕೆಲಸ ಕೊಟ್ಟು ಸುಮ್ನೆ ಬೆರಳು ನೋಡುತ್ತಾ ಕೂರುತ್ತಿದ್ದೆ. ಮಾತು ಸುಳ್ಳು ಹೇಳಬಹುದು, ಬೆರಳು ತಡವರಿಸಿದ್ದು ಕಾಣುತ್ತದೆ.

ಅದರಲ್ಲೂ ಒಂದು ಪಾಠ ಆಯಿತು. ದೇಚೂರಿನ ಒಬ್ಬರು ಅಜ್ಜಿಗೆ "ನಿಮ್ಮ ಮನೆ ಮೇಲೆ ಮರ ಬಿದ್ದಿದೆ ಅಂದ್ಕೊಳ್ಳಿ, ಈಗ ಏನು ಒತ್ತುತ್ತೀರಿ" ಅಂತ ಕೇಳಿದೆ. ಅಜ್ಜಿ ಫೋನ್ ಕೆಳಗಿಟ್ಟರು. "ಬಿಡ್ತು ಅನ್ನು ಮಗಳೇ. ಸಂಜೆ ಹೊತ್ತಲ್ಲಿ ಎಂತ ಮಾತು ಅದು" ಅಂದರು. ನಾನು ಬಿಡ್ತು ಅಂದೆ. ಆಮೇಲೆ ಪ್ರಶ್ನೆ ಬದಲಾಯಿಸಿ, ಕರೆಂಟ್ ಹೋಗಿದೆ ಅಂದ್ಕೊಳ್ಳಿ ಅಂದೆ. ಅದಕ್ಕೆ ಯಾವ ಅಪಶಕುನವೂ ಇಲ್ಲ, ದಿನಾ ಹೋಗುತ್ತದಲ್ಲ.

ಮೊದಲ ಸ್ಕ್ರೀನ್‌ನಲ್ಲಿ "ನಿಮ್ಮ ವಾರ್ಡ್ ಆರಿಸಿ" ಅಂತ ಹಾಕಿದ್ದೆ. ಮಡಿಕೇರಿಯಲ್ಲಿ 23 ವಾರ್ಡ್. ಪಟ್ಟಿ ನೋಡೋಕೆ ಅಚ್ಚುಕಟ್ಟಾಗಿತ್ತು. ನಾನು ಕೇಳಿದವರಲ್ಲಿ ಒಬ್ಬರಿಗೆ ಮಾತ್ರ ತಮ್ಮ ವಾರ್ಡ್ ನಂಬರ್ ಗೊತ್ತಿತ್ತು. ಅವರು ಹಿಂದೆ ಒಮ್ಮೆ ಚುನಾವಣೆಗೆ ನಿಂತು ಸೋತವರು. ಉಳಿದವರೆಲ್ಲ ಮಹದೇವಪೇಟೆ ಅನ್ನುತ್ತಾರೆ, ಗೌಳಿಬೀದಿ ಅನ್ನುತ್ತಾರೆ, "ಓಂಕಾರೇಶ್ವರ ದೇವಸ್ಥಾನದಿಂದ ಸ್ವಲ್ಪ ಮೇಲೆ" ಅನ್ನುತ್ತಾರೆ. ನಮ್ಮೂರಲ್ಲಿ ವಿಳಾಸಕ್ಕೆ ಎಡ ಬಲಕ್ಕಿಂತ ಮೇಲೆ ಕೆಳಗೆ ಜಾಸ್ತಿ. ವಾರ್ಡ್ ತೆಗೆದು ಬಡಾವಣೆಯ ಹೆಸರು ಹಾಕಿ, ಅದರ ಕೆಳಗೆ "ಮೇಲಿನ ಭಾಗ", "ಕೆಳಗಿನ ಭಾಗ" ಅಂತ ಎರಡು ಬಟನ್ ಇಟ್ಟೆ. ಚಿಕ್ಕಮ್ಮನ ಮಗ ಬೈದ. ಮ್ಯಾಪಲ್ಲಿ ಮೇಲೆ ಅಂದರೆ ಉತ್ತರ, ಇದೆಂಥ ಡೇಟಾ ಅಂತ. ಇರಲಿ ಅಂದೆ. ಈ ಸ್ಕ್ರೀನ್‌ನಲ್ಲಿ ಯಾರೂ ಆಮೇಲೆ ತಡವರಿಸಲಿಲ್ಲ.

ಪದಗಳದ್ದೂ ಇದೇ ಕಥೆ. ನಾನು ಬರೆದಿದ್ದ "ವಿದ್ಯುತ್ ವ್ಯತ್ಯಯ"ವನ್ನು ಎಲ್ಲರೂ ಓದಿದರು, ಒಬ್ಬರೂ ಒತ್ತಲಿಲ್ಲ. "ಕರೆಂಟ್" ಅಂತ ಹಾಕಿದ ಮೇಲೆ ಒತ್ತಿದರು. "ದೂರು ನೀಡಿ" ಅನ್ನುವ ಬಟನ್ ಹತ್ತಿರ ಬೆರಳು ಹೋಗಿ ಹೋಗಿ ವಾಪಸ್ ಬರುತ್ತಿತ್ತು. ಆಟೋ ಓಡಿಸುವ ಒಬ್ಬರು ಕೊನೆಗೆ ಬಾಯಿಬಿಟ್ಟರು. "ದೂರು ಅಂದ್ರೆ ನನ್ನ ಹೆಸರು ಎಲ್ಲೋ ಹೋಗಿ ಕೂರುತ್ತೆ ಅಲ್ವಾ ಮೇಡಂ? ನಾಳೆ ಅವರನ್ನೇ ನಾನು ಕೂರಿಸ್ಕೊಂಡು ಹೋಗ್ಬೇಕು." ಈಗ ಅಲ್ಲಿರುವುದು "ತಿಳಿಸಿ". ಇನ್ನೊಂದು ಕಡೆ "ನಿಮ್ಮ ಲೈನ್ ಯಾವುದು" ಅಂತ ಕೇಳಿದ್ದೆ. ನನ್ನ ತಲೆಯಲ್ಲಿದ್ದದ್ದು ಕರೆಂಟ್ ಲೈನ್. ಊರಂಚಿನ ತೋಟದಲ್ಲಿ ಕೆಲಸ ಮಾಡುವ ಹುಡುಗ "ನಾವೀಗ ಲೈನ್‌ಮನೆಯಲ್ಲಿಲ್ಲ ಅಕ್ಕ, ಬಾಡಿಗೆಗೆ ಬಂದಿದ್ದೀವಿ" ಅಂದ. ತೋಟದ ಕೆಲಸಗಾರರ ಸಾಲುಮನೆಗೆ ಇಲ್ಲಿ ಲೈನ್ ಅನ್ನುತ್ತಾರೆ. ಕೊಡಗಿನಲ್ಲಿ ಹುಟ್ಟಿ ಬೆಳೆದ ನಾನು ಇದನ್ನು ಮರೆತಿದ್ದೆನಲ್ಲ ಅಂತ ನನಗೇ ನಾಚಿಕೆಯಾಯಿತು.

ಜುಲೈ ಬಂತು. ಅಲ್ಲಿವರೆಗೆ ನಮ್ಮ ಆ್ಯಪ್ ಒಮ್ಮೆಯೂ ಒದ್ದೆಯಾಗಿರಲಿಲ್ಲ. ಕೋಡ್ ಬರೆಯುವವನು ಕುಶಾಲನಗರದಲ್ಲಿ ಕೂತು ಎಲ್ಲ ಸರಿ ಇದೆ ಅನ್ನುತ್ತಿದ್ದ. ಮಡಿಕೇರಿಯಿಂದ ಅಲ್ಲಿಗೆ 30 ಕಿಲೋಮೀಟರ್ ಅಷ್ಟೇ. ನಮ್ಮಲ್ಲಿ ಮಂಜು ಕವಿದು ಎದುರುಮನೆ ಕಾಣದ ದಿನ ಅವರಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಒಂದು ಶುಕ್ರವಾರ ಅವನನ್ನೇ ಬಸ್ಸು ಹತ್ತಿಸಿ ಕರೆಸಿಕೊಂಡು ಸಂತೆಗೆ ಹೋದೆವು.

ಸಂತೆಯಿಂದ ಹೊರಗೆ ಬರುತ್ತಿದ್ದ ಒಬ್ಬರು ಅಕ್ಕನನ್ನು ಕೇಳಿದೆ. ಎರಡು ನಿಮಿಷ ಕೊಡ್ತೀರಾ ಅಂತ. ಕೊಟ್ಟರು. ಕೊಡೆಯ ಹಿಡಿಯನ್ನು ಕುತ್ತಿಗೆಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡರು. ಎಡಗೈಯಲ್ಲಿ ತರಕಾರಿ ಚೀಲ, ಅದರ ಮೇಲೆ ಒಂದು ಕಟ್ಟು ಕಣಿಲೆ. ಬ್ಲೌಸಿನೊಳಗಿಂದ ಫೋನ್ ತೆಗೆದರು. ಅದು ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದ ಕವರಿನೊಳಗೆ ಇತ್ತು. ಬಲಗೈ ಹೆಬ್ಬೆರಳೊಂದೇ ಖಾಲಿ, ಅದೂ ಒದ್ದೆ. ಕವರಿನ ಮೇಲೆ ಒತ್ತಿದರೆ ಏನೂ ಆಗಲಿಲ್ಲ. ಕವರ್ ತೆಗೆದರು. ಕೊಡೆಯ ಅಂಚಿನಿಂದ ಟಪಟಪ ಅಂತ ನಾಲ್ಕು ಹನಿ ಸ್ಕ್ರೀನ್ ಮೇಲೆ ಬಿತ್ತು. ಈ ಸ್ಕ್ರೀನ್‌ಗಳಿಗೆ ನೀರಿನ ಹನಿಯೂ ಬೆರಳೇ. ಸೀರೆ ಸೆರಗಿನಿಂದ ಒರೆಸಿದರು, ಒರೆಸಿದ್ದೂ ಒತ್ತಿದ ಹಾಗೇ. ಅಕ್ಕ ಇನ್ನೂ ಏನೂ ಮಾಡುವ ಮೊದಲೇ ಅವರ ಹೆಸರಿನಲ್ಲಿ "ರಸ್ತೆಯಲ್ಲಿ ಮರ ಬಿದ್ದಿದೆ" ಅನ್ನುವ ಸುದ್ದಿ ಎರಡು ಸಲ ಹೊರಟುಹೋಗಿತ್ತು.

ಚಿಕ್ಕಮ್ಮನ ಮಗ ಬಾಯಿ ಮುಚ್ಚಿಕೊಂಡು ನಿಂತಿದ್ದ. ಅವತ್ತಿನಿಂದ ಅವನು ಬಟನ್ ಸೈಜಿನ ಬಗ್ಗೆ ವಾದ ಮಾಡಿಲ್ಲ. ಆಂಡ್ರಾಯ್ಡ್‌ನವರು ಬೆರಳಿಗೆ ಸುಮಾರು 9 ಮಿಲಿಮೀಟರ್ ಜಾಗ ಸಾಕು ಅನ್ನುತ್ತಾರೆ. ಅದು ಒಣಗಿದ ಬೆರಳಿಗೆ. ನಾವು ಅದರ ಎರಡರಷ್ಟು ಮಾಡಿದೆವು, ಬಟನ್‌ಗಳ ನಡುವೆ ಖಾಲಿ ಜಾಗ ಬಿಟ್ಟೆವು, ಎಲ್ಲವನ್ನೂ ಹೆಬ್ಬೆರಳಿಗೆ ಸಿಗುವ ಹಾಗೆ ಕೆಳಗೆ ತಂದೆವು. ಒತ್ತಿದ ಮೇಲೆ ಹತ್ತು ಸೆಕೆಂಡ್ ಕಾದು ಆಮೇಲೆ ಸುದ್ದಿ ಹೊರಡುತ್ತದೆ. ಅಷ್ಟರೊಳಗೆ "ಬೇಡ" ಅನ್ನಬಹುದು.

ಅದೇ ಸಂತೆಯಲ್ಲಿ ಇನ್ನೊಂದು ಸಿಕ್ಕಿತು. ಹಸಿಮೆಣಸು ಮಾರುವವರು ತಮ್ಮ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿದ್ದರು. ವಯಸ್ಸಾದವರು ಬಹಳ ಜನ ಹಾಗೇ ಇಟ್ಟಿರುತ್ತಾರೆ. ನಮ್ಮ ಆ್ಯಪ್ ತೆರೆದರೆ "ರಸ್ತೆ" ಹೋಗಿ "ರಸೆ" ಆಗಿತ್ತು. ಬಟನ್ನಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿದ್ದು, ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅಂಚು ಬಂದಲ್ಲಿ ಕತ್ತರಿಸಿ ಹೋಗುತ್ತದೆ. "ಇದೆಂತ ರಸೆ?" ಅಂತ ಅವರು ಕೇಳಿದಾಗ ನಾನು ಉತ್ತರ ಕೊಡದೆ ಕಾಲು ಕಿಲೋ ಮೆಣಸು ತಗೊಂಡೆ.

ಇಷ್ಟೆಲ್ಲ ಸರಿಮಾಡಬಹುದಾದ ವಿಷಯ. ನಿಜವಾದ ತಪ್ಪು ಬೇರೆ ಇತ್ತು. ನಾನು "ಕರೆಂಟ್ ಎಷ್ಟು ಗಂಟೆಗೆ ಬರುತ್ತದೆ" ಅನ್ನುವುದನ್ನು ದೊಡ್ಡದಾಗಿ ತೋರಿಸಲು ಒಂದಿಡೀ ಸ್ಕ್ರೀನ್ ಮಾಡಿದ್ದೆ. ಉರುಳುವ ಗಡಿಯಾರ, ಬಣ್ಣ, ಎಲ್ಲ. ನಮ್ಮ ಪಕ್ಕದ ಮನೆಯ ಆಂಟಿ ಅದನ್ನು ನೋಡಿ, "ಬರುವಾಗ ಬರುತ್ತದೆ ಬಿಡು. ಇದರಲ್ಲಿ ನಮಗೆ ಮಾತ್ರ ಹೋದದ್ದಾ, ಎಲ್ಲರಿಗೂ ಹೋದದ್ದಾ ಅಂತ ಎಲ್ಲಿ ಕಾಣುತ್ತದೆ?" ಅಂದರು.

ಎಷ್ಟು ಸರಿ ನೋಡಿ. ಕರೆಂಟ್ ಹೋದ ಕೂಡಲೇ ನಾವೆಲ್ಲ ಮಾಡುವುದೇನು? ಕಿಟಕಿಗೆ ಹೋಗುತ್ತೇವೆ. ಎದುರು ಗುಡ್ಡದಲ್ಲಿ ದೀಪ ಇದೆಯಾ ನೋಡುತ್ತೇವೆ. ಅಲ್ಲೂ ಕತ್ತಲೆ ಇದ್ದರೆ ಒಂಥರಾ ಸಮಾಧಾನ, ಮೊಂಬತ್ತಿ ಹಚ್ಚಿ ಕೂರುತ್ತೇವೆ. ಅಲ್ಲಿ ದೀಪ ಇದ್ದರೆ ಗಾಬರಿ. ಫ್ಯೂಸ್ ಹೋಗಿರಬೇಕು, ಕಂಬದಲ್ಲಿ ಏನೋ ಆಗಿರಬೇಕು, ಲೈನ್‌ಮ್ಯಾನ್‌ಗೆ ಫೋನ್ ಮಾಡಬೇಕು. ಆದರೆ ಮಂಜು ಕವಿದರೆ ಎದುರು ಗುಡ್ಡವೇ ಇಲ್ಲ. ಅದಕ್ಕೇ ಫೋನ್ ಮಾಡಿ "ನಿಮ್ಮಲ್ಲಿ ಇದೆಯಾ" ಅಂತ ಕೇಳುವುದು. ನಾನು ಅದನ್ನು ಹರಟೆ ಅಂದುಕೊಂಡಿದ್ದೆ. ಗಡಿಯಾರದ ಸ್ಕ್ರೀನ್ ಕಿತ್ತು ಹಾಕಿದೆ. ಈಗ ಆ್ಯಪ್ ತೆರೆದರೆ ಮೊದಲು ಕಾಣುವುದು ಎರಡೇ ಬಟನ್. "ನಮ್ಮಲ್ಲಿ ಇದೆ", "ನಮ್ಮಲ್ಲಿ ಇಲ್ಲ". ಕೆಳಗೆ ನಿಮ್ಮ ಬಡಾವಣೆಯಲ್ಲಿ ಯಾರ್ಯಾರು ಏನು ಒತ್ತಿದ್ದಾರೆ, ಎಷ್ಟು ಹೊತ್ತಿಗೆ. ಹೊತ್ತು ಮಾತ್ರ ದಪ್ಪ ಅಕ್ಷರದಲ್ಲಿ. ಹಳೇ ಗುಡ್ಡಕುಸಿತದ ಫೋಟೋ ಪ್ರತಿ ಮಳೆಗಾಲ ವಾಟ್ಸ್ಆ್ಯಪ್‌ನಲ್ಲಿ ಹೊಸದಾಗಿ ಹುಟ್ಟುವ ಊರಿದು. ಏನೇ ತೋರಿಸಿದರೂ ಜನ ಮೊದಲು ಕೇಳುವುದು "ಇದು ಇವತ್ತಿಂದಾ?" ಅಂತಲೇ.

ಇನ್ನು ನೆಟ್‌ವರ್ಕ್. ಕರೆಂಟ್ ಹೋಗಿ ಒಂದಷ್ಟು ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಅಂದರೆ ಆ್ಯಪ್ ಬೇಕಾದಾಗಲೇ ಆ್ಯಪ್ ಇಲ್ಲ. ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಒಂದು ಕಡ್ಡಿ ಸಿಗ್ನಲ್ ಇದ್ದು ಡೇಟಾ ನಡೆಯದಿದ್ದರೆ ಸುದ್ದಿ ಎಸ್ಸೆಮ್ಮೆಸ್ ಆಗಿ ಹೋಗುವ ಹಾಗೆ ಮಾಡಿದ್ದೇವೆ. ಅಲ್ಲೂ ಕನ್ನಡಕ್ಕೆ ಒಂದು ದಂಡ. ಇಂಗ್ಲಿಷ್‌ನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಅದರಲ್ಲೂ ಕೊಂಬು, ದೀರ್ಘ ಎಲ್ಲ ಬೇರೆ ಲೆಕ್ಕ. ಮಹದೇವಪೇಟೆ ನಮ್ಮ ಕಿವಿಗೆ ಆರು ಅಕ್ಷರ, ಫೋನಿಗೆ ಒಂಬತ್ತು. ಹಾಗಾಗಿ ಒಳಗಿಂದೊಳಗೆ ಬಡಾವಣೆಗೊಂದು ನಂಬರ್ ಕೊಟ್ಟಿದ್ದೇವೆ. ವಾರ್ಡ್ ನಂಬರ್ ಬೇಡ ಅಂದವಳು ಕೊನೆಗೆ ನಂಬರಿಗೇ ಬಂದೆ. ಏನ್ಮಾಡೋದು, ಜನರಿಗೆ ಕಾಣುವುದಿಲ್ಲವಲ್ಲ.

ಆಗಸ್ಟ್ 3ಕ್ಕೆ ಊರ ಹೊರಗಿನ ಒಂದು ತೋಟದ ಮನೆಗೆ ಹೋಗಿದ್ದೆ. ಅವತ್ತು ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಹೋದವಳ ಕೈಗೆ ಮೊದಲು ಬಂದದ್ದು ಮದ್ದುಸೊಪ್ಪಿನ ಪಾಯಸ, ನೇರಳೆ ಬಣ್ಣದ್ದು. ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಗಿ, ಗೊತ್ತಿಲ್ಲದವರು ಬಚ್ಚಲಲ್ಲಿ ಹೆದರುವಂಥದ್ದು. ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ ವಯಸ್ಸು. ಆ್ಯಪ್ ತೋರಿಸಿದೆ. ಕರೆಂಟ್ ಬಟನ್ ಕಡೆ ನೋಡಲೇ ಇಲ್ಲ. ಮೂಲೆಯಲ್ಲಿ ಸಣ್ಣದಾಗಿ ಹಾಕಿದ್ದ ಮಳೆಯ ಲೆಕ್ಕಕ್ಕೆ ಬೆರಳಿಟ್ಟರು.

"82 ಮಿಲಿಮೀಟರ್ ಅಂದ್ರೆ ಎಷ್ಟು ಮಳೆ?"

ನಾನು ಫೋನಿನಲ್ಲೇ ಲೆಕ್ಕ ಹಾಕಿದೆ. "3 ಇಂಚು 23 ಸೆಂಟ್, ಅಂಕಲ್."

"ಹಾಗೆ ಹೇಳು."

ಇಂಚು, ಅದರಲ್ಲಿ ನೂರು ಸೆಂಟು. ತೋಟದವರೆಲ್ಲ ಮಳೆ ಅಳೆಯುವುದು ಹೀಗೇ. ನನ್ನ ಅಪ್ಪನೂ ಹಾಗೇ ಹೇಳುತ್ತಿದ್ದರು, ಆದರೂ ಸ್ಕ್ರೀನ್ ಮೇಲೆ ಮಿಲಿಮೀಟರ್ ಬರೆಯುವಾಗ ನನ್ನ ಕೈ ತಡೆಯಲಿಲ್ಲ. ಯಜಮಾನರು ಒಳಗೆ ಹೋಗಿ ಒಂದು ಉದ್ದ ನೋಟ್‌ಬುಕ್ ತಂದರು. ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಪೆನ್ಸಿಲ್‌ನಲ್ಲಿ ಬರೆದಿಟ್ಟದ್ದು. ಅಂಥವು ಕಪಾಟಿನಲ್ಲಿ ಇನ್ನೂ ಇದ್ದವು. ನನ್ನ ಲೆಕ್ಕದ ಪಕ್ಕ ತಮ್ಮ ಲೆಕ್ಕ ಹಿಡಿದು, "ನಿನ್ನದು ಯಾವ ಊರಿನ ಮಳೆ? ಇಲ್ಲಿ 4 ಇಂಚು 10 ಸೆಂಟ್ ಬಿದ್ದಿದೆ" ಅಂದರು. ದಿನಾ ನನಗೆ ಕಳಿಸ್ತೀರಾ ಅಂತ ಕೇಳಿದೆ. ಆ್ಯಪ್‌ನಲ್ಲಿ ಒಂದೇ ಖಾನೆ, ಅದರಲ್ಲಿ ತುಂಬಿಸಿದರೆ ಸಾಕು ಅಂದೆ. ತಲೆ ಆಡಿಸಿದರು.

ಒಂದು ದಿನವೂ ಖಾನೆ ತುಂಬಲಿಲ್ಲ. ಬದಲಿಗೆ ಒಂದು ಗುರುವಾರ ವಾಟ್ಸ್ಆ್ಯಪ್‌ನಲ್ಲಿ ಒಂದರ ಹಿಂದೆ ಒಂದು ನಾಲ್ಕು ಫೋಟೋ ಬಂದವು. ಎಲ್ಲವೂ ಅದೇ ನೋಟ್‌ಬುಕ್ಕಿನ ಪುಟ. ಸೋಮವಾರದಿಂದ ದಿನಕ್ಕೊಂದು ಕಳಿಸಿದ್ದಾರೆ, ಅವರಲ್ಲಿ ಸಿಗ್ನಲ್ ಬಂದದ್ದು ಗುರುವಾರ. ಮೂರನೇ ಪುಟದಲ್ಲಿ ಇಂಚು ಸೆಂಟಿನ ಪಕ್ಕ ಪೆನ್ಸಿಲ್‌ನಲ್ಲಿ ಇನ್ನೊಂದು ಸಾಲು ಇತ್ತು: "ಕರೆಂಟ್ ಇಲ್ಲ. ಕೆಳಗಿನ ಮನೆಯಲ್ಲೂ ಇಲ್ಲ."