ಬೆಲ್ಲನ ಆಪರೇಷನ್‌ಗೆ ಕಾರಣ ಬೇಕಂತೆ

ನಮ್ಮ ಬೆಲ್ಲನಿಗೆ ಹತ್ತು ತಿಂಗಳು ತುಂಬಿತ್ತು. ಗೋಲ್ಡನ್ ರಿಟ್ರೀವರ್ ಜಾತಿಯ ಗಂಡು ನಾಯಿ. ಓಸ್ಲೋದ ಡಾಕ್ಟರ್ ಹತ್ತಿರ ಹೋಗಿ, ಬೀಜ ತೆಗೆಸುವ ಆಪರೇಷನ್‌ಗೆ ಒಂದು ದಿನ ಕೊಡಿ ಎಂದೆ. "ಯಾಕೆ? ಏನಾಗಿದೆ ಇವನಿಗೆ?" ಎಂದರು ಆಕೆ. ನಾನು ತಬ್ಬಿಬ್ಬು.

ಬೆಂಗಳೂರಿನಲ್ಲಿದ್ದಾಗ ಬೀದಿನಾಯಿಯ ಕಿವಿ ತುದಿಯಲ್ಲಿ ಕಚ್ಚು ಕಂಡರೆ ನನಗೆ ಸಮಾಧಾನ. ಸದ್ಯ, ಇದಕ್ಕೆ ಆಪರೇಷನ್ ಆಗಿದೆ ಅಂತ. ಸಾಕಿದ ನಾಯಿಗೂ ಮಾಡಿಸುವವನೇ ಒಳ್ಳೆಯ ಮಾಲೀಕ ಎಂದು ನಂಬಿದ್ದೆ.

ಇಲ್ಲಿ ಲೆಕ್ಕ ಉಲ್ಟಾ. ನಾರ್ವೆಯಲ್ಲಿ 2010ರಿಂದ ಜಾರಿಯಲ್ಲಿರುವ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ, ಬೀಜ ತೆಗೆಸಲು ಪ್ರಾಣಿಯ ಹಿತವೋ ಬೇರೆ ವಿಶೇಷ ಕಾರಣವೋ ಇರಬೇಕು. ನನಗೆ ಅನುಕೂಲ ಅನ್ನುವುದು ಸಾಲದು. ಬೀದಿನಾಯಿಗಳೇ ಕಾಣದ ಊರು ಬೇರೆ. ಡಾಕ್ಟರ್ ಇನ್ನೊಂದು ಮಾತೂ ಹೇಳಿದರು. 2013ರ ಅಮೆರಿಕದ ಅಧ್ಯಯನವೊಂದರಲ್ಲಿ, ವರ್ಷ ತುಂಬುವ ಮೊದಲೇ ಆಪರೇಷನ್ ಆದ ಗಂಡು ಗೋಲ್ಡನ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಆಪರೇಷನ್ ಆಗದವುಗಳ ಸುಮಾರು ಎರಡರಷ್ಟಿತ್ತಂತೆ. ಮೂಳೆ ಸರಿಯಾಗಿ ಬೆಳೆಯುವುದಕ್ಕೆ ಬೀಜದಲ್ಲಿ ಹುಟ್ಟುವ ಹಾರ್ಮೋನೂ ಬೇಕು.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಹೋರಿಗೆ ಬೀಜ ಒಡೆಸ್ತಿದ್ದದ್ದು ಉಳೋಕೆ ಕಣೋ. ನಿನ್ನ ನಾಯಿ ಏನು ಉಳ್ಬೇಕು?"

ಸರಿ, ಬಿಟ್ಟೆ. ವರ್ಷ ತುಂಬಿ ಸ್ವಲ್ಪ ದಿನಕ್ಕೆ ಮೇಲಿನ ಮನೆಯ ಪೂಡಲ್ ಬೆದೆಗೆ ಬಂತು. ಬೆಲ್ಲ ನಾಲ್ಕು ದಿನ ಅನ್ನ ಮುಟ್ಟಲಿಲ್ಲ. ಬಾಗಿಲ ಹತ್ತಿರ ಕೂತು ರಾತ್ರಿಯಿಡೀ ಊಳಿಟ್ಟ. ಒದ್ದಾಡಿದ್ದು ಅವನು, ನಿದ್ದೆ ಕೆಟ್ಟದ್ದು ನನಗೆ. ಈಗ ಮತ್ತೆ ಆಪರೇಷನ್ ಕೇಳಹೊರಟಿದ್ದು ಅವನ ಹಿತಕ್ಕೋ ನನ್ನದಕ್ಕೋ, ಸತ್ಯವಾಗಿ ಹೇಳುವುದು ಕಷ್ಟ.

ಡಾಕ್ಟರ್ ನಡುವಿನ ದಾರಿ ತೋರಿಸಿದರು. ಕತ್ತಿನ ಹಿಂದೆ ಚರ್ಮದಡಿ ಇಡುವ, ಆ ಹಾರ್ಮೋನ್ ತಡೆಯುವ ಚಿಕ್ಕ ಇಂಪ್ಲಾಂಟ್. ಆರು ತಿಂಗಳು ಕೆಲಸ ಮಾಡುತ್ತದೆ, ಆಮೇಲೆ ಮೊದಲಿನಂತೆ. ಆಪರೇಷನ್ ಆದರೆ ಹೇಗಿರುತ್ತಾನೆ ಅಂತ ಮೊದಲೇ ನೋಡಿದ ಹಾಗಾಯಿತಲ್ವಾ? ಶುರುವಿನ ಕೆಲವು ವಾರ ಹಾರ್ಮೋನ್ ಜಾಸ್ತಿಯೇ ಆಗಬಹುದು ಎಂದಿದ್ದರು. ಆಯಿತು. ನಮ್ಮ ಸೋಫಾದ ದಿಂಬುಗಳಿಗೆ ಮರ್ಯಾದೆ ಉಳಿಯಲಿಲ್ಲ. ಆಮೇಲೆ ತಣ್ಣಗಾದ. ಆದರೆ ಹಗ್ಗ ಎಳೆಯುವುದು, ಪೋಸ್ಟಿನವರ ಮೇಲೆ ಹಾರುವುದು ಹಾಗೇ ಉಳಿಯಿತು. ಅದು ಬೀಜದ ತಪ್ಪಲ್ಲ, ನಾನು ಕಲಿಸದ ತಪ್ಪು.

ಆರು ತಿಂಗಳು ಮುಗಿಯುತ್ತಾ ಬಂತು. ಮತ್ತೆ ಹಾಕಿಸುತ್ತಿಲ್ಲ. ಪೂಡಲ್‌ಗೆ ಮುಂದಿನ ಬೆದೆ ಯಾವಾಗ ಎಂದು ಮೇಲಿನ ಮನೆಯವರನ್ನು ಕೇಳಿಕೊಂಡು, ಆ ದಿನಗಳಿಗೆ ಊರಾಚೆ ಒಂದು ಕ್ಯಾಬಿನ್ ಬುಕ್ ಮಾಡಿದ್ದೇವೆ.