ಟ್ರೋಂಗ್ಸಾದ ಎರಡು ಬಾಗಿಲು

ಡಿಸೆಂಬರ್ 17, 2024, ಮಂಗಳವಾರ
ಟ್ರೋಂಗ್ಸಾ, ಮಧ್ಯ ಭೂತಾನ್

ಇವತ್ತು ಭೂತಾನಿನ ರಾಷ್ಟ್ರೀಯ ದಿನ. 1907ರ ಇದೇ ದಿನ ಪುನಾಖಾದಲ್ಲಿ ಉಗ್ಯೆನ್ ವಾಂಗ್ಚುಕ್‌ಗೆ ಪಟ್ಟವಾಯಿತು. ಅವನೇ ಮೊದಲ ದೊರೆ. ಆದರೆ ಅವನ ಬಲವಿದ್ದದ್ದು ಪುನಾಖಾದಲ್ಲಲ್ಲ, ಇಲ್ಲಿ. ಟ್ರೋಂಗ್ಸಾದ ಪೆನ್ಲೋಪ್, ಅಂದರೆ ಪ್ರಾಂತಾಧಿಕಾರಿಯಾಗಿದ್ದವನು ಅವನು. ಪಟ್ಟ ಈ ಊರಿನವನಿಗೇ ಯಾಕೆ ಒಲಿಯಿತು ಅನ್ನುವುದು ಇಲ್ಲಿನ ಕೋಟೆಯ ಬಾಗಿಲು ನೋಡಿದರೆ ಅರ್ಧ ತಿಳಿಯುತ್ತದೆ.

ಈ ದೇಶದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಿದರೆ ಕೆಟ್ಟಿರಿ. ಬೆಟ್ಟದ ಸಾಲುಗಳು ಉತ್ತರದಿಂದ ದಕ್ಷಿಣಕ್ಕೆ ಇಳಿದಿವೆ, ಹೆದ್ದಾರಿ ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತದೆ. ಹಾಗಾಗಿ ಸಿಕ್ಕ ಸಾಲನ್ನೆಲ್ಲ ಹತ್ತಿ ಇಳಿಯಲೇಬೇಕು. ಥಿಂಫುವಿನಿಂದ ಇಲ್ಲಿಗೆ ಸುಮಾರು 200 ಕಿ.ಮೀ., ಆದರೂ ಆರೇಳು ತಾಸು ಬೇಕು. ಮೊದಲು 3,100 ಮೀಟರ್ ಎತ್ತರದ ದೋಚುಲಾ, ಆಮೇಲೆ ಸುಮಾರು 3,400 ಮೀಟರಿನ ಪೆಲೆಲಾ. ‘ಲಾ’ ಅಂದರೆ ಘಟ್ಟ ದಾಟುವ ಜಾಗ. ಡಿಸೆಂಬರಿನಲ್ಲಿ ಪೆಲೆಲಾವನ್ನು ಬಿಸಿಲೇರಿದ ಮೇಲೆಯೇ ಹತ್ತುವುದು ಒಳ್ಳೆಯದು. ನೆರಳಿನ ತಿರುವುಗಳಲ್ಲಿ ಜಿನುಗಿದ ನೀರು ರಾತ್ರಿಯಲ್ಲಿ ಹೆಪ್ಪುಗಟ್ಟಿರುತ್ತದೆ, ಅಲ್ಲಿ ಬ್ರೇಕ್ ಒತ್ತಿದರೆ ಗಾಡಿ ಜಾರುತ್ತದೆ.

ಪೆಲೆಲಾ ದಾಟಿದರೆ ಪಶ್ಚಿಮ ಮುಗಿದಂತೆ. ಜೋಂಗ್ಖಾ ರಾಷ್ಟ್ರಭಾಷೆಯೇನೋ ಹೌದು, ಇಲ್ಲಿಂದಾಚೆ ಮನೆಮಾತುಗಳು ಬೇರೆ. ಬುಮ್ತಾಂಗ್‌ನಲ್ಲಿ ಬುಮ್ತಾಂಗ್ಖಾ, ತ್ರುಮ್‌ಶಿಂಗ್‌ಲಾದಾಚೆ ಪೂರ್ವದವರ ತ್ಸಾಂಗ್ಲಾ.

ಇನ್ನು ಕೋಟೆ, ಇಲ್ಲಿನವರ ಮಾತಿನಲ್ಲಿ ಜೋಂಗ್. ಮಾಂಗ್ದೆಛು ನದಿಯ ಕಮರಿಯ ಮೇಲೆ ಚಾಚಿದ ಏಣಿನಲ್ಲಿ ಕೂತಿದೆ. ಎದುರು ಗುಡ್ಡದಿಂದ ಕೈಗೆಟಕುವಷ್ಟು ಹತ್ತಿರ ಕಾಣುತ್ತದೆ. ರಸ್ತೆ ಕಮರಿಯನ್ನು ಬಳಸಿ ಬರುವುದರಿಂದ ಊಟಕ್ಕೆ ಅಲ್ಲಿಗೇ ಹೋಗೋಣ ಎಂದುಕೊಂಡವರು ಹಸಿದೇ ಕೂರಬೇಕು. ಹಳೆಯ ಕಾಲುದಾರಿ ಹಾಗಲ್ಲ. ನೇರ ನದಿಗಿಳಿದು, ಸೇತುವೆ ದಾಟಿ, ಕಡಿದಾದ ಏರು ಹತ್ತಿ ಕೋಟೆಯ ಪಶ್ಚಿಮದ ಬಾಗಿಲೊಳಗೆ ಹೋಗುತ್ತಿತ್ತು. ಅಂಗಳ ಹಾದು ಪೂರ್ವದ ಬಾಗಿಲಿನಿಂದ ಹೊರಬೀಳುತ್ತಿತ್ತು. ಪೂರ್ವ ಪಶ್ಚಿಮದ ನಡುವೆ ಇದ್ದ ದಾರಿ ಅದೊಂದೇ. ಎರಡು ಬಾಗಿಲು ಹಾಕಿಸಿದರೆ ದೇಶ ಎರಡು ಹೋಳು. ವ್ಯಾಪಾರವೂ ಕಂದಾಯವೂ ಪೆನ್ಲೋಪನ ಕಣ್ಣೆದುರೇ ಹಾಯಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು!

ಆ ಆದಾಯವೇ ಸೈನ್ಯವಾಯಿತು. ಉಗ್ಯೆನ್‌ನ ತಂದೆ ಜಿಗ್ಮೆ ನಾಮ್‌ಗ್ಯಾಲ್ 1865ರಲ್ಲಿ ಆಗ್ನೇಯ ಗಡಿಯ ದೇವನ್‌ಗಿರಿಯಿಂದ ಬ್ರಿಟಿಷರನ್ನು ಓಡಿಸಿದ. ಅದು ಹೆಚ್ಚು ದಿನ ಉಳಿಯಲಿಲ್ಲ. ಅದೇ ವರ್ಷದ ಸಿಂಚುಲಾ ಒಪ್ಪಂದದಲ್ಲಿ ತಪ್ಪಲಿನ ದುವಾರ್ ಪ್ರದೇಶ ಕೈಬಿಟ್ಟಿತು. ಮಗ 1885ರಲ್ಲಿ ಥಿಂಫುವಿನ ಚಾಂಗ್ಲಿಮಿಥಾಂಗ್‌ನಲ್ಲಿ ಎದುರಾಳಿಗಳನ್ನು ಸೋಲಿಸಿದ. ಆ ರಣರಂಗ ಈಗ ಕ್ರೀಡಾಂಗಣ.

ಯುವರಾಜ ಪಟ್ಟಕ್ಕೆ ಮೊದಲು ಟ್ರೋಂಗ್ಸಾ ಪೆನ್ಲೋಪ್ ಆಗುವ ಪದ್ಧತಿ ಇನ್ನೂ ಇದೆ. ಈಗಿನ ದೊರೆ 2004ರಲ್ಲಿ ಆ ಪದವಿ ಪಡೆದು, 2006ರಲ್ಲಿ ದೊರೆಯಾದರು.

ಒಳಗೆ ಹೋಗುವ ಭೂತಾನಿ ಗಂಡಸರು ಮೊಣಕಾಲುದ್ದದ ನಿಲುವಂಗಿ ‘ಘೋ’ ಮೇಲೆ ‘ಕಬ್ನೆ’ ಶಾಲು ಹೊದೆಯಲೇಬೇಕು. ಸಾಮಾನ್ಯರದ್ದು ಬಿಳಿ, ಹಳದಿ ಇಬ್ಬರಿಗೆ ಮಾತ್ರ, ದೊರೆಗೆ ಮತ್ತು ಮಠಾಧಿಪತಿ ಜೆ ಖೆನ್ಪೊಗೆ. ಹೊರಗಿನವರು ಟೋಪಿ ತೆಗೆಯಬೇಕು, ಚಡ್ಡಿಯಲ್ಲಿ ಹೋಗುವಂತಿಲ್ಲ.