ಮೊಬೈಲಿನಲ್ಲಿ ಸರಿಯಿದ್ದ ಕನ್ನಡ ಕಾರ್ಡಿನಲ್ಲಿ ಯಾಕೆ ಒಡೆಯುತ್ತದೆ?

ಲಗ್ನಪತ್ರಿಕೆ ಇರಲಿ, ಗೃಹಪ್ರವೇಶದ ಕಾರ್ಡ್ ಇರಲಿ, ಸಂಘದ ಸ್ಮರಣ ಸಂಚಿಕೆ ಇರಲಿ, ಡಿಸೈನ್ ಮಾಡಿಸಲು ಬಂದವರು ಕೇಳುವ ಪ್ರಶ್ನೆ ಒಂದೇ: ‘ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮ್ಯಾಟರ್ ಸರಿಯಾಗೇ ಇತ್ತಲ್ಲ, ಅಚ್ಚಾಗಿ ಬಂದಾಗ ಒತ್ತಕ್ಷರ ಯಾಕೆ ಹೀಗಾಯಿತು?’ ಬೈಗುಳವೆಲ್ಲ ಮೆಷಿನ್ನಿಗೆ. ಪಾಪ, ಅದು ಪ್ಲೇಟಿನ ಮೇಲೆ ಇದ್ದದ್ದನ್ನೇ ಒತ್ತಿದೆ. ಹೆಚ್ಚಿನ ಸಲ ಕನ್ನಡ ಒಡೆದಿರುವುದು ಅದಕ್ಕೂ ಮೊದಲು, ಪುಟ ಜೋಡಿಸುವ ಡಿಟಿಪಿ ಮೇಜಿನ ಮೇಲೆ. ಎಲ್ಲಿ ಒಡೆಯಿತು ಎನ್ನುವುದನ್ನು ಒಡೆದ ರೀತಿ ನೋಡಿಯೇ ಹೇಳಬಹುದು.

ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿರುವ ‘ಎ’ಗಳು ಸಾಲುಗಟ್ಟಿದ್ದರೆ ಅದು ಆಸ್ಕಿ ಫಾಂಟಿನ ಕೆಲಸ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಗೂಡಿನಲ್ಲಿ ಕೂರಿಸಿದವು. ನುಡಿ ಆಸ್ಕಿಯಲ್ಲಿ ‘ಕನ್ನಡ’ ಎಂದು ಹೊಡೆದರೆ ಫೈಲಿನೊಳಗೆ ಇರುವುದು ದೊಡ್ಡ ಪಿ, ಓರೆಗೀಟಿನ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಇನ್ನೊಂದು ಎ. ಒಟ್ಟು 7. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಟ್ಟ, ಮೊಬೈಲುಗಳು ಬಳಸುವ ಯೂನಿಕೋಡಿನಲ್ಲಿ ಅದೇ ಪದ ಕ, ನ, ಹಲಂತ (ಸ್ವರ ತೆಗೆಯುವ ಚಿಹ್ನೆ), ನ, ಡ ಎಂಬ 5 ಸಂಕೇತ. ಮೊದಲನೆಯದಕ್ಕೆ ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬೆಲೆಯಿಲ್ಲ.

ಹಾಗಿದ್ದರೂ ಅಂಗಡಿಗಳು ಆಸ್ಕಿ ಬಿಡುವುದಿಲ್ಲ, ಅದಕ್ಕೆ ಕಾರಣವಿದೆ. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರಿನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಡಿಸೈನ್ ಮಾಡುವ ಹಳೆಯ ಕೋರೆಲ್‌ಗೆ ಒತ್ತು ಜೋಡಿಸಲು ಬರುವುದಿಲ್ಲ. ಆಸ್ಕಿಯಲ್ಲಿ ಜೋಡಿಸುವ ಕೆಲಸವೇ ಇಲ್ಲ, ತುಂಡುಗಳು ಸಿದ್ಧವಾಗಿ ಕೂತಿರುತ್ತವೆ, ಒಡೆಯುವುದಿಲ್ಲ. ಹಾಗಾಗಿ ನಿಮ್ಮ ವಾಟ್ಸ್ಆ್ಯಪ್ ಮ್ಯಾಟರನ್ನು ಕನ್ವರ್ಟರಿಗೆ ಹಾಕಿ ಆಸ್ಕಿ ಮಾಡಿಕೊಳ್ಳುತ್ತಾರೆ. ಎಡವಟ್ಟು ಆಗುವುದು ಅಲ್ಲೇ. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ಅಂಟದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಕನ್ವರ್ಟರ್ ಅದನ್ನು ನುಂಗಿದರೆ ಮದುಮಗ ‘ರಾಜ್ಕುಮಾರ್’ ಆಗುತ್ತಾನೆ. ‘ರ‍್ಯಾಂಕ್’ ಎಂಬುದು ಅರ್ಕಾವೊತ್ತು ಹೊತ್ತು ‘ರ್ಯಾಂಕ್’ ಆಗುತ್ತದೆ. ಹೆಸರಿನ ಮುಂದಿನ ಡಿಗ್ರಿ, ಇಮೇಲ್ ವಿಳಾಸಗಳನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಅವು ನುಡಿ ಫಾಂಟಿನಲ್ಲಿ ಅರ್ಥವಿಲ್ಲದ ಕನ್ನಡ ತುಂಡುಗಳಾಗಿ ಕಾಣುತ್ತವೆ. ಒಂದೊಂದನ್ನೂ ಸೆಲೆಕ್ಟ್ ಮಾಡಿ ಇಂಗ್ಲಿಷ್ ಫಾಂಟ್ ಕೊಡಬೇಕು. ಹತ್ತರಲ್ಲಿ ಒಂದು ತಪ್ಪಿಯೇ ತಪ್ಪುತ್ತದೆ. ಡಿಗ್ರಿಯನ್ನು ಕನ್ನಡದಲ್ಲೇ ಬಿ.ಇ., ಎಂ.ಬಿ.ಎ. ಎಂದು ಬರೆದುಕೊಟ್ಟರೆ ಅರ್ಧ ತಲೆನೋವು ಅಲ್ಲಿಗೇ ಕಡಿಮೆ.

ಎರಡನೆಯ ಬಗೆ: ಅಕ್ಷರ ಕನ್ನಡವೇ, ಆದರೆ ‘ಕನ್ನಡ’ ಹೋಗಿ ‘ಕನ್‌ನಡ’, ಶ್ರೀ ಹೋಗಿ ‘ಶ್‌ರೀ’. ಇದು ಯೂನಿಕೋಡ್ ಪಠ್ಯವನ್ನು ಇಂಗ್ಲಿಷಿಗೆಂದು ಮಾಡಿದ ಎಂಜಿನ್ (ತಂತ್ರಾಂಶದ ಅಕ್ಷರ ಜೋಡಿಸುವ ಭಾಗ) ಕೂರಿಸಿದ್ದರ ಗುರುತು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಬೇಕು. ಇಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ಗೆ ಟಿಕ್ ಹಾಕಬೇಕು. ಫೋಟೋಶಾಪ್‌ನಲ್ಲಿ ಹಳೆಯ ಆವೃತ್ತಿಯಾದರೆ ಟೆಕ್ಸ್ಟ್ ಎಂಜಿನ್ ಬದಲಿಸಿ, ಹೊಸ ಫೈಲ್ ತೆರೆದು ಮ್ಯಾಟರ್ ಅಂಟಿಸುವುದು ಒಳ್ಳೆಯದು. ಬರೀ ಚೌಕದ ಡಬ್ಬಗಳು ಕಂಡರೆ ಆ ಫಾಂಟಿನಲ್ಲಿ ಕನ್ನಡವೇ ಇಲ್ಲ, ಅಷ್ಟೇ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಸ್ಕ್ರೀನಿನ ಮೇಲೆ ಕಾಣುವುದೇ ಇಲ್ಲ. ಅಕ್ಷರ ಸರಿ, ಒತ್ತು ಸರಿ, ಆದರೆ ಅಚ್ಚಿನಲ್ಲಿ ಮಸುಕು, ಅಂಚಿನಲ್ಲಿ ಕೆಂಪು ಅಥವಾ ನೀಲಿ ನೆರಳು. ಕಪ್ಪು ಒಂದೇ ಇಂಕಿನಲ್ಲಿ ಬಂದಿಲ್ಲ. ಫೋಟೋಶಾಪಿನ ಆರ್‌ಜಿಬಿ ಕಪ್ಪನ್ನು (ಪರದೆಯ ಬಣ್ಣ) ಅಡೋಬಿಯ ಹಳೆಯ ಡೀಫಾಲ್ಟ್ ಸೆಟ್ಟಿಂಗಿನಲ್ಲಿ ಸಿಎಂವೈಕೆ (ಅಚ್ಚಿನ ನಾಲ್ಕು ಇಂಕು) ಮಾಡಿದರೆ ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ, ಒಟ್ಟು 300 ಪರ್ಸೆಂಟ್ ಇಂಕ್. ಇಂಕಿಗೊಂದರಂತೆ ಇರುವ ನಾಲ್ಕು ಪ್ಲೇಟುಗಳಲ್ಲಿ ಒಂದು 0.1 ಮಿಲಿಮೀಟರ್ ಸರಿದರೂ ಸಾಕು, 9 ಪಾಯಿಂಟಿನ ಕನ್ನಡದಲ್ಲಿ ಒತ್ತಿನ ಹೊಟ್ಟೆ ತುಂಬಿಕೊಳ್ಳುತ್ತದೆ. ಪಠ್ಯಕ್ಕೆ ಕಪ್ಪು 100, ಉಳಿದ ಮೂರೂ ಸೊನ್ನೆ. ಪರೀಕ್ಷೆ ಸುಲಭ: ಆಕ್ರೋಬ್ಯಾಟ್ ಪ್ರೋದಲ್ಲಿ ‘ಔಟ್‌ಪುಟ್ ಪ್ರಿವ್ಯೂ’ ತೆರೆದು ಕಪ್ಪು ಪ್ಲೇಟಿನ ಟಿಕ್ ತೆಗೆಯಿರಿ. ಅಕ್ಷರ ಪೂರ್ತಿ ಮಾಯವಾದರೆ ಸರಿ. ಬೂದು ಬೂದಾಗಿ ಉಳಿದುಕೊಂಡರೆ ಫೈಲ್ ವಾಪಸ್.

ಕಡುಗೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಕೇಳುವವರಿಗೆ ಒಂದು ಮಾತು. ಮಹಾಪ್ರಾಣಕ್ಕೆ ‘ಹೊಟ್ಟೆ ಸೀಳು’ ಎಂದು ಶಾಲೆಯಲ್ಲಿ ಹೇಳಿಕೊಟ್ಟ ಆ ಪುಟ್ಟ ಗೀಟು ಇದೆಯಲ್ಲ, ಸುತ್ತಲಿನ ಇಂಕ್ ಹರಡಿದಾಗ ಮೊದಲು ಮುಚ್ಚಿಹೋಗುವುದು ಅದೇ. ‘ವಧು’ ‘ವದು’ ಆಗುತ್ತಾಳೆ. (ಧನಲಕ್ಷ್ಮಿಯ ಗತಿ ಹೇಳುವುದೇ ಬೇಡ.) ಚಿನ್ನದ ಫಾಯಿಲ್‌ನಲ್ಲೂ ಇದೇ ಕತೆ: 0.25 ಮಿಲಿಮೀಟರಿಗಿಂತ ತೆಳುವಾದ ಗೀಟು ಹತ್ತುವ ಭರವಸೆಯಿಲ್ಲ. ಅಂಥ ಕಡೆ ಗೀಟಿನ ದಪ್ಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇರುವ ‘ಅನೇಕ್ ಕನ್ನಡ’, ‘ಬಲೂ ತಮ್ಮ’ ಇಂಥ ಫಾಂಟ್ ಹಾಕಿ, 11 ಪಾಯಿಂಟಿಗಿಂತ ಕೆಳಗೆ ಇಳಿಯಬೇಡಿ. ದಪ್ಪ-ತೆಳು ಬಳುಕಿನ ಅಕ್ಷರ ಬಿಳಿ ಕಾಗದದ ಮೇಲೆ ಕಪ್ಪಿನಲ್ಲಿ ಮಾತ್ರ ಚೆಂದ.

ಸಾಲುಗಳ ನಡುವಿನ ಜಾಗವೂ ಇಂಗ್ಲಿಷಿನ ಲೆಕ್ಕದಲ್ಲೇ ಇರುತ್ತದೆ. ಇನ್‌ಡಿಸೈನಿನ ಆಟೋ ಲೀಡಿಂಗ್ 120 ಪರ್ಸೆಂಟ್, ಅಂದರೆ 11 ಪಾಯಿಂಟಿಗೆ 13.2. ‘ರಾಷ್ಟ್ರೀಯ’ದ ಎರಡು ಮಹಡಿ ಒತ್ತು ಕೆಳಸಾಲಿನ ಗುಡಿಸಿಗೆ ಹೋಗಿ ಗುದ್ದುತ್ತದೆ. 11ಕ್ಕೆ 16 ಕೊಡಿ.

ಇದನ್ನೆಲ್ಲ ನೋಡಿದ ಮೇಲೆ ಪಿಡಿಎಫ್. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಒತ್ತಲಿ, ಶಿವಕಾಶಿಗೆ ಹೋಗಲಿ, ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇದೆ ಎಂದು ನಂಬಬಾರದು. ಕೋರೆಲ್‌ನಲ್ಲಿ ಎಲ್ಲ ಪಠ್ಯ ಆರಿಸಿ ಕಂಟ್ರೋಲ್-ಕ್ಯೂ ಒತ್ತಿ ಕರ್ವ್ ಮಾಡಿ, ಅಂದರೆ ಅಕ್ಷರವನ್ನು ಬರೀ ಗೆರೆಯ ಆಕಾರವಾಗಿಸಿ. ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಬಿಡಿ, ಪಠ್ಯವನ್ನು ಕತ್ತರಿಸುವ ಅಂಚಿನಿಂದ 5 ಮಿಲಿಮೀಟರ್ ಒಳಗೆ ಇಡಿ. ಕರ್ವ್ ಆದ ತುಂಡುಗಳನ್ನು ಒಂದು ಮಾಡುವಾಗ ‘ಕಂಬೈನ್’ ಬೇಡ, ‘ವೆಲ್ಡ್’ ಮಾಡಿ; ಅಕ್ಷರ ಮತ್ತು ಒತ್ತು ಒಂದರ ಮೇಲೊಂದು ಬಿದ್ದ ಕಡೆ ಕಂಬೈನ್ ಬಿಳಿ ತೂತು ಮಾಡುತ್ತದೆ. ಪ್ರೂಫನ್ನು ಮೊಬೈಲಿನಲ್ಲಿ ಹಿಗ್ಗಿಸಿ ಓದಿದರೆ ಏನೂ ಗೊತ್ತಾಗುವುದಿಲ್ಲ. 100 ಪರ್ಸೆಂಟ್ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ, ಒಬ್ಬರು ಮೂಲ ಓದಲಿ, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಡಲಿ.

ಕರ್ವ್ ಮಾಡುವ ಮುಂಚಿನ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಆಮೇಲೆ ‘ಗುರುವಾರ’ವನ್ನು ‘ಶುಕ್ರವಾರ’ ಮಾಡಬೇಕಾಗಿ ಬಂದರೆ ಆಪರೇಟರ್ ಮುಂದೆ ಪಠ್ಯವೇ ಇರುವುದಿಲ್ಲ, ಬರೀ ಗೆರೆಗಳು. ಆಗ ಆತ ಬೇರೆ ಸಾಲಿನಿಂದ ಒಂದು ‘ಶು’, ಇನ್ನೆಲ್ಲಿಂದಲೋ ಒಂದು ‘ಕ್ರ’ ಕಿತ್ತು ತಂದು ಕೂರಿಸುತ್ತಾನೆ. ದೊಡ್ಡಕ್ಷರದ ತಲೆಬರಹದಿಂದ ತಂದು ಕುಗ್ಗಿಸಿದ ಆ ‘ಕ್ರ’ ಮಾತ್ರ ಪಕ್ಕದವರಿಗಿಂತ ತೆಳ್ಳಗೆ, ಒಂದು ಕೂದಲೆಳೆ ಮೇಲೆ ನಿಂತಿರುತ್ತದೆ.